ಎರಡು ಗಂಟೆ ಐವತ್ತೆರಡು ನಿಮಿಷ

ಅರ್ಜಿಯ ಹದಿನೇಳನೆಯ ಪ್ರಶ್ನೆಗೆ ಬರುವ ತನಕ ಚೋಟಿಗೆ ಎಲ್ಲವೂ ಸುಲಭವಾಗಿಯೇ ಇತ್ತು. ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಓದಿದ ವಿಷಯ ಮಣ್ಣು ವಿಜ್ಞಾನ, ಪದವಿ ಕೈಗೆ ಬಂದ ತಾರೀಕು, ಎಲ್ಲವನ್ನೂ ತುಂಬಿದ್ದಳು. ಓದಲು ಬಂದವರು ಓದು ಮುಗಿದ ಮೇಲೆ ಇನ್ನೆರಡು ವರ್ಷ ಇಲ್ಲೇ ಉಳಿದು ದುಡಿಯಲು ಅನುಮತಿ ಕೇಳುವ ಅರ್ಜಿ ಅದು. ಪದವಿ ಬಂದ ಮೂವತ್ತು ದಿನದೊಳಗೆ ಹಾಕಬೇಕು. ಒಂಬತ್ತು ದಿನ ಉಳಿದಿತ್ತು. ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದು, ‘ಅನುಮತಿ ಬಂದ ದಿನವೇ ಬಂದು ಸೇರಿಕೋ’ ಎಂದು ಹೇಳಿಯೂ ಆಗಿತ್ತು.

ಹದಿನೇಳನೆಯ ಪ್ರಶ್ನೆ ಇಷ್ಟೇ: ವಿದ್ಯಾರ್ಥಿಯಾಗಿದ್ದಾಗ ಯಾವುದಾದರೂ ವಾರದಲ್ಲಿ ಇಪ್ಪತ್ತು ಗಂಟೆಗಿಂತ ಹೆಚ್ಚು ಕೆಲಸ ಮಾಡಿದ್ದೀರಾ? ಹೌದು ಅಥವಾ ಇಲ್ಲ. ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಕೆಲಸ ಕೊಟ್ಟವರಿಂದ ಹಾಜರಿ ಪಟ್ಟಿ ತಂದು ಲಗತ್ತಿಸಬೇಕು, ಸುಳ್ಳು ಹೇಳಿದರೆ ದೇಶ ಬಿಡಬೇಕಾಗುತ್ತದೆ ಎಂದಿತ್ತು.

ಚೋಟಿಗೆ ನಗು ಬಂತು. ಗಂಟೆ ಎಣಿಸುವುದರಲ್ಲಿ ಅವಳನ್ನು ಮೀರಿಸುವವರು ಯಾರಿದ್ದರು? ಆಸ್ಪತ್ರೆಗಳ ಹಾಸುಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳು ಎರಡು ವರ್ಷ ದಿಂಬಿನ ಕವರುಗಳನ್ನು ಹತ್ತತ್ತರ ಕಟ್ಟು ಕಟ್ಟಿದ್ದಳು. ಇಪ್ಪತ್ತು ಗಂಟೆ ಮುಗಿಯಿತೆಂದರೆ ಕೈಯಲ್ಲಿದ್ದ ಕಟ್ಟನ್ನು ಅರ್ಧಕ್ಕೇ ಬಿಟ್ಟು, ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಕಾರ್ಡು ತೋರಿಸಿ ಹೊರಬೀಳುತ್ತಿದ್ದಳು. ಐದಡಿಗೆ ಎರಡಂಗುಲ ಕಡಿಮೆ ಎತ್ತರ. ಮನೆಯಲ್ಲಿ ಚೋಟುದ್ದದವಳು ಎಂದು ಕರೆಯುತ್ತಿದ್ದದ್ದೇ ಇಲ್ಲಿಯೂ ಅಂಟಿಕೊಂಡಿತ್ತು. ‘ಚೋಟಿ ಹೊರಟ್ಲು ಅಂದ್ರೆ ಗಡಿಯಾರ ನೋಡೋದೇ ಬೇಡ’ ಎಂದು ಜೊತೆಯವರು ಗೇಲಿ ಮಾಡುತ್ತಿದ್ದರು.

ಅದೇ ಧೈರ್ಯದಲ್ಲಿ ಲಾಂಡ್ರಿಯ ಕಂಪ್ಯೂಟರಿನಿಂದ ಇಳಿಸಿಕೊಂಡ ಪಟ್ಟಿಯನ್ನು ತೆರೆದಳು. ವಾರಕ್ಕೊಂದು ಸಾಲು. ಇಪ್ಪತ್ತು, ಹದಿನೆಂಟು, ಇಪ್ಪತ್ತು, ಹತ್ತೊಂಬತ್ತೂವರೆ. ಬೆರಳು ಸಾಲಿನ ಮೇಲೆ ಸರಿಯುತ್ತಾ ಬಂದು ಒಂದು ಕಡೆ ನಿಂತಿತು. ಇಪ್ಪತ್ತೆರಡು ಗಂಟೆ ಐವತ್ತೆರಡು ನಿಮಿಷ.

ಹಾವು ತುಳಿದವಳ ಹಾಗೆ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ತಾರೀಕು ನೋಡಿದಳು. ನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರಕ್ಕೆ ಮುಗಿದ ವಾರ ಅದು. ಆ ಭಾನುವಾರವನ್ನು ಅವಳು ಮರೆಯುವ ಹಾಗೇ ಇರಲಿಲ್ಲ.

ಅಂದು ಅವಳ ಪಾಳಿ ಬೆಳಿಗ್ಗೆ ಏಳರಿಂದ ಹನ್ನೊಂದು. ಸೂಪರ್‌ವೈಸರ್ ವ್ಯಾನಿನಲ್ಲಿ ಬಟ್ಟೆ ತುಂಬಿಸಿಕೊಂಡು ಆಸ್ಪತ್ರೆಗೆ ಹೋಗಿದ್ದ. ಆ ವಿಭಾಗದಲ್ಲಿ ಇದ್ದವರು ಇಬ್ಬರೇ: ಇವಳು ಮತ್ತು ಇಸ್ತ್ರಿಯಕ್ಕ. ಹಾಸುಬಟ್ಟೆಗಳನ್ನು ನುಂಗಿ ಗರಿಗರಿಯಾಗಿ ಉಗುಳುವ ಉರುಳೆ ಯಂತ್ರದ ಮುಂದೆ ನಿಲ್ಲುತ್ತಿದ್ದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಅವಳೂ ಓದಲು ಬಂದು, ಓದು ಮುಗಿಸಿ, ಅನುಮತಿಯ ಮೇಲೆ ಉಳಿದವಳು. ದಿನ ತುಂಬಿದ ಬಸುರಿ. ‘ಇನ್ನೂ ಹದಿನೈದು ದಿನ ಇದೆ, ಬಿಡು’ ಎನ್ನುತ್ತಾ ಬರುತ್ತಲೇ ಇದ್ದಳು. ಹನ್ನೊಂದಕ್ಕೆ ಚೋಟಿ ಕಾರ್ಡು ಕೈಯಲ್ಲಿ ಹಿಡಿದು ಯಂತ್ರದ ಕಡೆ ಹೊರಟಿದ್ದಾಗ ಹಿಂದಿನಿಂದ ಒಂದು ಕೂಗು ಕೇಳಿತು. ತಿರುಗಿದರೆ ಇಸ್ತ್ರಿಯಕ್ಕ ಉರುಳೆಯ ಕಂಬಿ ಹಿಡಿದು ಬಗ್ಗಿದ್ದಳು, ಕಾಲ ಬಳಿ ನೆಲವೆಲ್ಲ ಒದ್ದೆ.

ಚೋಟಿಯ ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಊಟದ ತಟ್ಟೆಯ ಮುಂದೆಯೂ ಮನೆಯಲ್ಲಿ ಅದೇ ಮಾತು. ಹಾಗಾಗಿ ಏನಾಗುತ್ತಿದೆ ಎಂದು ಇವಳಿಗೆ ಗೊತ್ತಾಯಿತು. ಯಂತ್ರ ಆರಿಸಿದಳು, ಆಂಬುಲೆನ್ಸಿಗೆ ಫೋನು ಮಾಡಿದಳು, ಒಗೆದ ಹಾಸುಬಟ್ಟೆಗಳನ್ನು ಹಾಸಿ ಅಕ್ಕನನ್ನು ಮಲಗಿಸಿದಳು. ಸೇತುವೆ ದುರಸ್ತಿಯಲ್ಲಿದ್ದದ್ದರಿಂದ ಆಂಬುಲೆನ್ಸ್ ಸುತ್ತಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅದರಲ್ಲಿ ಬಂದ ದಪ್ಪನೆಯ ಹೆಂಗಸು ಒಮ್ಮೆ ನೋಡಿ, ‘ಇನ್ನು ಎಲ್ಲಿಗೂ ಒಯ್ಯೋಕಾಗಲ್ಲ, ಇಲ್ಲೇ ಆಗುತ್ತೆ. ಏಯ್ ಹುಡುಗಿ, ಹಿಂದಿನಿಂದ ಹಿಡ್ಕೊ, ನಾನು ಹೇಳೋ ತನಕ ಕೈ ಬಿಡಬೇಡ’ ಎಂದಳು. ಚೋಟಿ ಬಿಡಲಿಲ್ಲ. ಒಂದೂ ಹತ್ತಕ್ಕೆ ಹೆಣ್ಣುಮಗು ಹುಟ್ಟಿತು. ಅವರನ್ನು ಗಾಡಿ ಹತ್ತಿಸಿ, ನೆಲ ಒರೆಸಿ, ಕೈ ತೊಳೆದು, ಬಾಗಿಲಿಗೆ ಬಂದು ದಿನದಂತೆ ಕಾರ್ಡು ತೋರಿಸಿದ್ದಳು. ಯಂತ್ರ ಟಿಣ್ ಎಂದಿತ್ತು. ಆಗ ಒಂದೂ ಐವತ್ತೆರಡು.

ಈಗ ಕಾಗದದ ಮೇಲೆ ಅಷ್ಟೂ ಹೊತ್ತು ದುಡಿಮೆಯಾಗಿ ಕೂತಿತ್ತು.

ಅವಳು ಮೊದಲು ಫೋನು ಮಾಡಿದ್ದು ದೊಡ್ಡಮ್ಮನ ಮಗನಿಗೆ. ಅಣ್ಣ ನಾಲ್ಕು ವರ್ಷ ಮುಂಚೆ ಇದೇ ಕಾಲೇಜಿನಲ್ಲಿ ಓದಿ, ಇದೇ ಊರಿನಲ್ಲಿ ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದ. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲಿರಲಿಲ್ಲ. ಗೊತ್ತಿಲ್ಲದಿದ್ದರೂ ಹೇಳದೆ ಬಿಡುತ್ತಿರಲಿಲ್ಲ.

“‘ಇಲ್ಲ’ ಅಂತ ಗುರುತು ಹಾಕಿ ಕೈ ತೊಳ್ಕೊ,” ಎಂದ.

“ಪಟ್ಟಿ ಬೇರೆ ಲಗತ್ತಿಸಬೇಕಲ್ಲೋ ಅಣ್ಣ.”

“ಸಾವಿರಾರು ಅರ್ಜಿ ಬರುತ್ತೆ. ನಿನ್ನ ಪಟ್ಟಿ ಎಣಿಸ್ತಾ ಕೂರೋಕೆ ಅವರಿಗೆ ಬೇರೆ ಕೆಲಸ ಇಲ್ವಾ?”

“ಎಣಿಸೋದೇ ಅವರ ಕೆಲಸ!”

ಅಣ್ಣ ಏನೋ ನೆನಪಾದವನಂತೆ, “ಹಾಗೆ ನೋಡಿದ್ರೆ ನಮ್ಮ ರೂಮಲ್ಲಿ ಒಬ್ಬ ಇದ್ದ. ಒಂದೇ ಒಂದು ವಾರ, ನಾಲ್ಕು ಗಂಟೆ ಜಾಸ್ತಿ. ‘ಇಲ್ಲ’ ಅಂತ ಹಾಕಿದ್ದ. ಹದಿನೈದು ದಿನದಲ್ಲಿ ಪೆಟ್ಟಿಗೆ ಕಟ್ಟಿಸಿ ಕಳಿಸಿದ್ರು,” ಎಂದ. ಹೇಳಿದ ಮೇಲೆ ತಪ್ಪು ಹೊಳೆದು, “ಆದ್ರೆ ಅವನು ಪೆದ್ದ, ಬಿಡು,” ಎಂದು ಸೇರಿಸಿದ.

ಮರುದಿನ ಬೆಳಿಗ್ಗೆಯೇ ಲಾಂಡ್ರಿಗೆ ಹೋದಳು. ಸೂಪರ್‌ವೈಸರನ ಗಾಜಿನ ಕೋಣೆಯ ಗೋಡೆಗಳು ಆವಿಯಿಂದ ಮಬ್ಬಾಗಿದ್ದವು. ಅವನು ಕೆಟ್ಟ ಮನುಷ್ಯನೇನಲ್ಲ. ಚಳಿಗಾಲದಲ್ಲಿ ಇವಳಿಗೆ ತನ್ನ ಕೈಗವಸು ಕೊಟ್ಟಿದ್ದ.

“ಸರ್, ಆ ಭಾನುವಾರ ಹೆರಿಗೆ ಆಯ್ತಲ್ಲ, ಅದನ್ನ ಒಂದು ಕಾಗದದಲ್ಲಿ ಬರೆದುಕೊಡಿ. ಹನ್ನೊಂದರ ಮೇಲೆ ನಾನು ಕೆಲಸ ಮಾಡ್ತಿರಲಿಲ್ಲ ಅಂತ, ಅಷ್ಟೇ.”

ಅವನು ಎದ್ದು ಬಾಗಿಲು ಹಾಕಿದ. “ಯಾವ ಹೆರಿಗೆ?”

“ಇಸ್ತ್ರಿಯಕ್ಕಂದು, ಸರ್. ವ್ಯಾನ್ ತಗೊಂಡು ನೀವೂ ವಾಪಸ್ ಬಂದ್ರಲ್ಲ, ಬಾಗಿಲ ಹತ್ರ ನಿಂತಿದ್ರಿ.”

“ಅವತ್ತು ಇಲ್ಲಿ ಯಾವ ಹೆರಿಗೇನೂ ಆಗಿಲ್ಲ,” ಎಂದ ಅವನು, ಮೇಜಿನ ಮೇಲಿನ ಪೆನ್ನುಗಳನ್ನು ಒಂದೊಂದಾಗಿ ಸಾಲಾಗಿಡುತ್ತಾ. “ಪಟ್ಟಿ ನೋಡು. ಆ ವಾರ ಅವಳು ಕೆಲಸಕ್ಕೇ ಬಂದಿಲ್ಲ.”

ಚೋಟಿಗೆ ಅರ್ಥವಾಗಲಿಲ್ಲ. ಅವನೇ ದನಿ ತಗ್ಗಿಸಿ ಬಿಡಿಸಿ ಹೇಳಿದ. ಇಸ್ತ್ರಿಯಕ್ಕನ ಅನುಮತಿಯ ಅವಧಿ ಆಗ ಮುಗಿದಿತ್ತು. ಹೊಸದು ಬಂದದ್ದು ಹನ್ನೆರಡು ದಿನ ತಡವಾಗಿ. ನಡುವೆ ಅವಳು ದುಡಿಯುವ ಹಾಗಿರಲಿಲ್ಲ. ‘ಪರವಾಗಿಲ್ಲ ಬಾ, ನಾನು ನೋಡ್ಕೋತೀನಿ’ ಎಂದವನು ಇವನೇ. ಹೆರಿಗೆಯಾದ ಸಂಜೆ ಅಲ್ಲಿಯವರೆಗಿನ ಆ ದಿನಗಳ ಹಾಜರಿಯನ್ನು ಅಳಿಸಿದವನೂ ಇವನೇ.

“ಬೇಕಾದ್ರೆ ಯಂತ್ರ ಕೆಟ್ಟಿತ್ತು ಅಂತ ಬರ್ಕೊಡ್ತೀನಿ,” ಎಂದ. “ಅದು ಬಿಟ್ಟು ಬೇರೆ ಏನಾದ್ರೂ ಬಾಯಿ ಬಿಟ್ಟರೆ ನಾನೂ ಹೋಗ್ತೀನಿ, ಅವಳೂ ಹೋಗ್ತಾಳೆ, ನೀನೂ ಹೋಗ್ತೀಯ. ಯೋಚನೆ ಮಾಡು.”

ಯಂತ್ರ ಕೆಟ್ಟಿದ್ದರೆ ಅಂದು ಉಳಿದ ವಿಭಾಗಗಳ ಇಪ್ಪತ್ತು ಜನರ ಹಾಜರಿ ಹೇಗೆ ಸರಿಯಾಗಿತ್ತು? ಒಂದು ಸುಳ್ಳಿಗೆ ಎಷ್ಟು ಸುಳ್ಳು ಕಾವಲು ಹಾಕಬೇಕೋ! ಬೀದಿಗೆ ಬಂದಾಗ ತಿರುವಿನಲ್ಲಿ ಸಮವಸ್ತ್ರದವನೊಬ್ಬ ನಿಂತಿದ್ದ, ವಾಹನ ನಿಲ್ಲಿಸುವ ಜಾಗದ ಚೀಟಿ ನೋಡುವವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ಚೋಟಿ ರಸ್ತೆ ದಾಟಿ ಆ ಬದಿಗೆ ಹೋದಳು. ಯಾಕೆ ದಾಟಿದೆ ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ತಿರುಗಿ ನೋಡಲಿಲ್ಲ.

ಇಸ್ತ್ರಿಯಕ್ಕನ ಮನೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಾಳಿ ತುಂಬುವ ಯಂತ್ರ ಬುಸ್ಸೆಂದಾಗಲೆಲ್ಲ ಮೇಲಿನ ಕಿಟಕಿ ಅದುರುತ್ತಿತ್ತು. ಮಗು ಆ ಸದ್ದಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಸದ್ದು ನಿಂತರೆ ಎಚ್ಚರಗೊಳ್ಳುತ್ತಿತ್ತು. ಅಕ್ಕ ಚೋಟಿಯನ್ನು ತಬ್ಬಿಕೊಂಡಳು. ವಿಷಯ ಕೇಳಿದ ಮೇಲೆ ಕೈ ಸಡಿಲವಾಯಿತು.

“ನನ್ನ ಹೆಸರು ಎತ್ತಬೇಡ ಕಣೇ,” ಎಂದಳು. “ನಿನ್ನ ಕಾಲಿಗೆ ಬೀಳ್ತೀನಿ. ಅರ್ಜಿ ತಡ ಆಗಿದ್ದು ನನ್ನಿಂದ ಅಲ್ಲ. ಲಾಂಡ್ರಿ ಆಫೀಸಿನೋರು ಕಾಗದ ಇಟ್ಕೊಂಡು ಕೂತಿದ್ರು. ಆದ್ರೆ ಯಾರು ಕೇಳ್ತಾರೆ? ಈ ಮಗುವಿನ ಅಪ್ಪನ ಕಾಗದಾನೂ ನನ್ನ ಕಾಗದಕ್ಕೆ ತಗಲಿಕೊಂಡಿದೆ. ನಾನು ಬಿದ್ರೆ ಮೂರು ಜನಾನೂ ಬೀಳ್ತೀವಿ.”

“ಎತ್ತಲ್ಲ ಅಕ್ಕ.”

“ಆಣೆ ಮಾಡು.”

ಚೋಟಿ ಅಕ್ಕನ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮೆಟ್ಟಿಲಿಳಿಯುವಾಗ ನಡುವೆ ಕುಳಿತಳು. ನಿಜ ಹೇಳಿದರೆ ಅವರು ಬೀಳುತ್ತಾರೆ. ಸುಳ್ಳು ಹೇಳಿದರೆ ತಾನು. ಅತ್ತ ದರಿ, ಇತ್ತ ಪುಲಿ. ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. ಆದರೆ ಅಮ್ಮನಿಗೆ ರಕ್ತದೊತ್ತಡ. ಹೆರಿಗೆಯ ದಿನ ಸುದ್ದಿ ಹೇಳಿದಾಗ ‘ಮಗು ಹುಟ್ಟಿದ ತಕ್ಷಣ ಅತ್ತಿತಾ?’ ಎಂದು ಮೊದಲು ಕೇಳಿ, ಅತ್ತಿತು ಎಂದ ಮೇಲೆ ‘ಸೈ, ನನ್ನ ಮಗಳು’ ಎಂದಿದ್ದವಳು ಆಕೆ. ಆ ಖುಷಿಯ ಮೇಲೆ ಇದನ್ನು ಸುರಿಯಲು ಮನಸ್ಸಾಗಲಿಲ್ಲ.

ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಕಾಲೇಜಿನ ಹೊರದೇಶದ ವಿದ್ಯಾರ್ಥಿಗಳ ಕಚೇರಿಗೆ ಹೋದಳು. ಅಲ್ಲಿನ ಸಲಹೆಗಾರ್ತಿಯನ್ನು ಹುಡುಗರೆಲ್ಲ ವೀಸಾ ಮೇಡಂ ಎನ್ನುತ್ತಿದ್ದರು. ಬಿಳಿಗೂದಲಿನ, ಮಾತಿಗಿಂತ ಕೆಮ್ಮೇ ಹೆಚ್ಚಿದ್ದ ಹೆಂಗಸು. ಚೋಟಿ ಬಾಯಿ ತೆರೆಯುತ್ತಿದ್ದಂತೆ ಕೈ ಎತ್ತಿ ತಡೆದರು.

“ಮೊದಲು ನನ್ನ ಮಾತು ಕೇಳು. ನಿನ್ನ ವಿಷಯ ಮಾತ್ರ ಹೇಳು. ಇನ್ನೊಬ್ಬರ ಹೆಸರು ನನ್ನ ಕಿವಿಗೆ ಹಾಕಬೇಡ. ಕಿವಿಗೆ ಬಿದ್ದದ್ದನ್ನ ನಾನು ಬರೆದಿಡಬೇಕಾಗುತ್ತೆ.”

ಚೋಟಿ ಹೆಸರಿಲ್ಲದೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. ವೀಸಾ ಮೇಡಂ ಪಟ್ಟಿ ನೋಡಿದರು, ಕೆಮ್ಮಿದರು.

“‘ಇಲ್ಲ’ ಅಂತ ಹಾಕಿ ಈ ಪಟ್ಟಿ ಲಗತ್ತಿಸಿದ್ರೆ ಸುಳ್ಳುಗಾರ್ತಿ ಆಗ್ತೀಯ. ‘ಹೌದು’ ಅಂತ ಹಾಕು. ಯಂತ್ರ ಹೀಗೆ ತೋರಿಸ್ತಿದೆ, ಅದರಲ್ಲಿ ಇಷ್ಟು ಹೊತ್ತು ಕೆಲಸ ಅಲ್ಲ ಅಂತ ವಿವರಣೆ ಬರಿ. ಪುರಾವೆ ಬೇಕು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಯಾರು?”

“ನಾನೇ.”

“ಮತ್ತೆ ಅಲ್ಲಿಗೆ ಹೋಗು. ಅವರ ಹತ್ರ ನಿಮಿಷ ನಿಮಿಷದ ದಾಖಲೆ ಇರುತ್ತೆ.”

“ಕೊಡ್ತಾರಾ ಮೇಡಂ? ಅನುಮತಿ ಸಿಗುತ್ತಾ?”

“ಸಿಗುತ್ತೆ ಅಂತ ನಾನು ಹೇಳಲ್ಲ. ಹಾಗೆ ಹೇಳೋರನ್ನ ನಂಬಲೂಬೇಡ.”

ಆಂಬುಲೆನ್ಸ್ ಕೇಂದ್ರದಲ್ಲಿ ಆ ದಪ್ಪನೆಯ ಹೆಂಗಸು ಗಾಡಿಯ ಹಿಂದೆ ಕೂತು ಬ್ಯಾಂಡೇಜಿನ ಸುರುಳಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಚೋಟಿಯನ್ನು ಕಂಡು ಕಣ್ಣು ಕಿರಿದು ಮಾಡಿದಳು. “ನೀನಾ? ದಿಂಬಿನ ಕವರಿನ ರಾಶಿ ಮಧ್ಯ ಹೆರಿಗೆ ಮಾಡಿಸಿದ ಹುಡುಗಿ!”

ವಿಷಯ ಕೇಳಿದ ಮೇಲೆ ಹೇಳಿದಳು: “ಹೆತ್ತವಳ ಹೆಸರು ನಾವು ಯಾರಿಗೂ ಕೊಡಲ್ಲ. ಪೊಲೀಸ್ನೋರು ಕೇಳಿದ್ರೂ ಕೋರ್ಟಿನ ಕಾಗದ ಬೇಕು. ಆದ್ರೆ ಫೋನ್ ಮಾಡಿದ್ದು ನೀನು, ಅದು ನಿಂದು, ಅದನ್ನ ನಿನಗೆ ಕೊಡಬಹುದು.” ಎರಡು ದಿನದ ಮೇಲೆ ಕಾಗದ ಕೈಗೆ ಬಂತು. ಕರೆ ಬಂದದ್ದು ಹನ್ನೊಂದೂ ನಾಲ್ಕಕ್ಕೆ, ಗಾಡಿ ಹೊರಟದ್ದು ಒಂದೂ ನಲವತ್ತೈದಕ್ಕೆ. ಕೊನೆಗೆ ಆ ಹೆಂಗಸಿನದೇ ಕೈಬರಹ: ‘ಈ ಹುಡುಗಿ ಅಷ್ಟೂ ಹೊತ್ತು ರೋಗಿಯನ್ನು ಬಿಟ್ಟು ಕದಲಲಿಲ್ಲ. ಕದಲಿದ್ದರೆ ನನಗೆ ಕಷ್ಟವಾಗುತ್ತಿತ್ತು.’

ಒಂದೇ ದಿನ ಉಳಿದಿರುವಾಗ ಚೋಟಿ ‘ಹೌದು’ ಎಂಬುದರ ಮೇಲೆ ಗುರುತು ಹಾಕಿ ಅರ್ಜಿ ಕಳಿಸಿದಳು. ಕಳಿಸಿದ ಮೇಲೆ ಭಯ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ, ಬೆಳೆಯಿತು. ಹನ್ನೊಂದನೆಯ ದಿನ ಕರೆ ಬಂತು: ವಿಚಾರಣೆಗೆ ಖುದ್ದಾಗಿ ಬರತಕ್ಕದ್ದು.

ವಿಚಾರಣೆಯ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಒಂದು ಮೇಜು, ಮಾತು ಮುದ್ರಿಸುವ ಕಪ್ಪು ಡಬ್ಬಿ, ಒಂದು ಲೋಟ ನೀರು. ಅಧಿಕಾರಿಣಿಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತಲೇ ಕಾಗದಗಳನ್ನು ತಿರುವಿದಳು. ಚೋಟಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಡುಗುವುದು ಕಾಣದಿರಲಿ ಎಂದು ಒಂದರ ಮೇಲೊಂದು ಹಾಕಿ ಬಿಗಿಹಿಡಿದಿದ್ದಳು.

“ಲಾಂಡ್ರಿಯಲ್ಲಿ ಹೆರಿಗೆ ಆಯ್ತು ಅಂತೀರಿ. ಲಾಂಡ್ರಿಯವರ ಪಟ್ಟಿಯಲ್ಲಿ ಅವತ್ತು ನಿಮ್ಮ ವಿಭಾಗದಲ್ಲಿ ಇದ್ದದ್ದು ನೀವೊಬ್ಬರೇ. ಹೆರಿಗೆ ಆಗಿದ್ದು ಯಾರಿಗೆ?”

‘ಗೊತ್ತಿಲ್ಲ’ ಎಂಬ ಮಾತು ಚೋಟಿಯ ನಾಲಿಗೆಯ ತುದಿಗೇ ಬಂದಿತ್ತು. ದಾರಿಹೋಕಳು ಯಾರೋ, ನೋವು ತಡೆಯಲಾರದೆ ಒಳಗೆ ಬಂದಳು ಎಂದರೆ ಮುಗಿಯಿತು. ಕಪ್ಪು ಡಬ್ಬಿಯ ಮೇಲೆ ಕೆಂಪು ದೀಪ ಮಿನುಗುತ್ತಿತ್ತು.

“ನಾನು ಹೇಳಲ್ಲ ಮೇಡಂ.”

“ಗೊತ್ತಿಲ್ವಾ, ಹೇಳಲ್ವಾ?”

“ಗೊತ್ತು. ಹೇಳಲ್ಲ.”

“ಹೇಳದೇ ಇದ್ರೆ ನಿಮ್ಮ ಅರ್ಜಿಗೇ ತೊಂದರೆ. ತಿಳೀತಾ?”

“ತಿಳೀತು ಮೇಡಂ. ಅವರ ಕಾಗದ ಅವರದು. ನನ್ನ ಕಾಗದದಲ್ಲಿ ಏನು ಬೇಕಾದ್ರೂ ಕೇಳಿ, ಎಲ್ಲಾ ಹೇಳ್ತೀನಿ.”

ಅಧಿಕಾರಿಣಿ ಬಹಳ ಹೊತ್ತು ಬರೆದಳು. ಏನು ಬರೆಯುತ್ತಿದ್ದಾಳೆಂದು ತಲೆಕೆಳಗಾಗಿ ಓದಲು ಹೋಗಿ ಚೋಟಿಗೆ ಕಣ್ಣು ಕತ್ತಲಿಟ್ಟಿತು. ಕೊನೆಗೆ ಅಧಿಕಾರಿಣಿ ಡಬ್ಬಿ ಆರಿಸಿ, “ಆ ನೀರು ಕುಡಿದು ಹೋಗಿ,” ಎಂದಳು. ಅಷ್ಟೇ.

ಇಪ್ಪತ್ತಮೂರು ದಿನದ ಮೇಲೆ ಕಾಗದ ಬಂತು. ಎರಡು ವರ್ಷ ಕೇಳಿದ್ದಕ್ಕೆ ಒಂದು ವರ್ಷ ಕೊಟ್ಟಿದ್ದರು. ಆಮೇಲೆ ಮತ್ತೆ ಪರಿಶೀಲನೆ. ಜೊತೆಗೆ, ವಿಚಾರಣೆಯಲ್ಲಿ ಕೇಳಿದ ಮಾಹಿತಿ ಕೊಡದಿದ್ದುದಕ್ಕೆ ಎಚ್ಚರಿಕೆ. ಚೋಟಿ ಕಾಗದವನ್ನು ನಾಲ್ಕು ಸಲ ಓದಿದಳು, ಐದನೆಯ ಸಲ ಅಣ್ಣನಿಗೆ ಓದಿ ಹೇಳಿದಳು. “ನಾನು ಹೇಳಿರಲಿಲ್ವಾ?” ಎಂದ ಅಣ್ಣ. ಅವನು ಹೇಳಿದ್ದು ಏನೆಂದು ನೆನಪಿಸುವ ತ್ರಾಣ ಇವಳಿಗಿರಲಿಲ್ಲ.

ಅದೇ ವಾರ ಲಾಂಡ್ರಿಗೆ ತಪಾಸಣೆ ಬಂದ ಸುದ್ದಿ ತಿಳಿಯಿತು. ಪಟ್ಟಿಯಲ್ಲಿ ಇಲ್ಲದವಳೊಬ್ಬಳು ಹೆತ್ತಳೆಂದರೆ ಪಟ್ಟಿಯೇ ಸುಳ್ಳು ಎಂದು ಯಾರೋ ಯೋಚಿಸಿದ್ದರು. ಅಳಿಸಿದ ದಿನಗಳು ಕಂಪ್ಯೂಟರಿನ ಹೊಟ್ಟೆಯಲ್ಲಿ ಹಾಗೇ ಇದ್ದವು. ಸೂಪರ್‌ವೈಸರ್ ಕೆಲಸ ಕಳೆದುಕೊಂಡ. ಇಸ್ತ್ರಿಯಕ್ಕನನ್ನು ಕಚೇರಿಗೆ ಕರೆಸಿದ್ದರು.

ಚೋಟಿಗೆ ತನ್ನ ಕಾಗದ ಬಂದ ಸಂತೋಷ ಕರಗಿಹೋಯಿತು. ಆರು ಸಲ ಫೋನು ಮಾಡಿದಳು, ಅಕ್ಕ ಎತ್ತಲಿಲ್ಲ. ಮರುದಿನ ಮಧ್ಯಾಹ್ನ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆಯಿತು. ಅಕ್ಕ ಒಳಗೆ ಕರೆಯಲಿಲ್ಲ.

“ಅಕ್ಕ, ನಾನು ಹೇಳಿಲ್ಲ. ಆಣೆಗೂ ಹೇಳಿಲ್ಲ.”

“ಗೊತ್ತು. ಅಲ್ಲೇ ಹೇಳಿದ್ರು, ಆ ಹುಡುಗಿ ಬಾಯಿ ಬಿಡ್ಲಿಲ್ಲ ಅಂತ.” ಅಕ್ಕನ ಕಣ್ಣ ಕೆಳಗೆ ಕಪ್ಪಾಗಿತ್ತು. “ಆದ್ರೂ ನಿನ್ನ ಕಾಗದ ಹೋಗದೇ ಇದ್ದಿದ್ರೆ ಅವರು ಬರ್ತಾನೇ ಇರ್ಲಿಲ್ಲ.”

“ಹೌದು ಅಕ್ಕ,” ಎಂದಳು ಚೋಟಿ.

“ತಡ ಆಗಿದ್ದು ಲಾಂಡ್ರಿಯವರ ತಪ್ಪು ಅಂತ ಒಪ್ಪಿದ್ದಾರೆ. ಸದ್ಯಕ್ಕೆ ಉಳಿಬಹುದಂತೆ. ಆರು ತಿಂಗಳಾದ ಮೇಲೆ ಮತ್ತೆ ಕರೀತಾರಂತೆ.” ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. “ಆ ಆರು ತಿಂಗಳು ಹೇಗೆ ಕಳೀಲಿ ಹೇಳು. ಯಾರಾದ್ರೂ ಬಾಗಿಲು ತಟ್ಟಿದ್ರೆ ಜೀವ ಬಾಯಿಗೆ ಬರುತ್ತೆ. ಈಗ ನೀನು ತಟ್ಟಿದಾಗಲೂ ಬಂತು.”

“ನನಗೂ ಒಂದೇ ವರ್ಷ ಕೊಟ್ಟಿದ್ದಾರೆ. ನನಗೂ ಹಾಗೇ ಆಗುತ್ತೆ ಅಕ್ಕ.”

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಅಕ್ಕ ತಿರುಗಿ ನೋಡಿ, “ನಿಂತೇ ಇರ್ತೀಯಾ? ಒಳಗೆ ಬಾ, ಮಗು ಹಿಡ್ಕೊ,” ಎನ್ನುತ್ತಾ ಅಡುಗೆಮನೆಗೆ ಓಡಿದಳು.